ಸ್ಟೆಪ್ನಿ ಜಾಗದಲ್ಲಿ ತೊಡೆದೇವು

ನನ್ನ ಮೊಮ್ಮಗಳು ಕಾರು ತಗೊಂಡಿದ್ದಾಳೆ! ನಾನು ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ಸೊಟ್ಟಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಂಡು ಓದಬೇಕು.

ಕಾರು ಹೊಸದಲ್ಲ, ಶಿರಸಿಯಲ್ಲಿ ಯಾರೋ ಓಡಿಸಿ ಬಿಟ್ಟಿದ್ದು. ಬಣ್ಣ ಮಾತ್ರ ಒಳ್ಳೇ ಮಾಗಿದ ಮೆಣಸಿನಕಾಯಿಯ ಹಾಗೆ ಕೆಂಪು. ಮೊಮ್ಮಗಳು ದನದ ಡಾಕ್ಟರು. ಸಿದ್ದಾಪುರದ ಕಡೆ ಅವಳಿಗೆ ಕೆಲಸ ಸಿಕ್ಕಿತ್ತು, ಸೋಮವಾರ ಹಾಜರಾಗಬೇಕಿತ್ತು. ಅಲ್ಲಿ ಹಳ್ಳಿ ಹಳ್ಳಿಗೆ ಹೋಗಬೇಕು. ಕರು ಅಡ್ಡ ಸಿಕ್ಕಿಕೊಂಡ ಎಮ್ಮೆ ಬಸ್ಸು ಬರುವ ತನಕ ಕಾಯುತ್ತದೆಯೇ? ಅದಕ್ಕೇ ಕಾರು.

ಆದರೆ ಅವಳ ಅಪ್ಪ, ಅಂದರೆ ನನ್ನ ಮಗ, ಒಪ್ಪಬೇಕಲ್ಲ. ಅವನಿಗೆ ಮೊದಲಿನಿಂದಲೂ ಎಲ್ಲದರಲ್ಲೂ ಹೆದರಿಕೆ. ಚಿಕ್ಕವನಿದ್ದಾಗ ಕೋಳಿ ಕಂಡರೂ ಹೆದರುತ್ತಿದ್ದ. ಮಗಳು ಒಬ್ಬಳೇ ಆ ತಿರುವಿನ ರಸ್ತೆಯಲ್ಲಿ ಕಾರು ಓಡಿಸುವುದೆಂದರೆ ಅವನಿಗೆ ಊಟ ಸೇರುವುದಿಲ್ಲ. ನಾಲ್ಕು ದಿನ ಗುಮ್ಮನೆ ಇದ್ದ. ಐದನೇ ದಿನ ಅವಲಕ್ಕಿ ತಿನ್ನುತ್ತಾ ಒಂದು ಕರಾರು ಹಾಕಿದ.

"ಕೂಸೆ, ಭಾನುವಾರ ಅಮ್ಮಮ್ಮನ್ನ ಕೂರಿಸ್ಕ್ಯಂಡು ವಜ್ರಳ್ಳಿಗೆ ಹೋಗಿ ಬಾ. ಮಧ್ಯ ಎಲ್ಲಿಂದಾದ್ರೂ 'ಅಪ್ಪಯ್ಯಾ ಬಾ' ಹೇಳಿ ಫೋನ್ ಮಾಡಿದ್ಯ, ಗಾಡಿ ಕೀಲಿ ನನ್ನ ಹತ್ರ. ಸಿದ್ದಾಪುರಕ್ಕೆ ಬಸ್ಸಲ್ಲೇ ಹೋಪದು."

"ಫೋನ್ ಮಾಡದಿದ್ರೆ?"

"ಮಾಡದಿದ್ರೆ ಕೀಲಿ ನಿಂದು. ಆನು ಎಂತದೂ ಹೇಳ್ತ್ನಿಲ್ಲೆ."

ಅಮ್ಮಮ್ಮ ಅಂದರೆ ನಾನು. ವಜ್ರಳ್ಳಿಯಲ್ಲಿ ಇರುವುದು ನನ್ನ ತಂಗಿ. ನನ್ನನ್ನು ಪರೀಕ್ಷೆಯ ಸಾಮಾನಿನ ಹಾಗೆ ಲೆಕ್ಕಕ್ಕೆ ತಗೊಂಡಿದ್ದು ನೋಡಿ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಮ್ಮೂರು ಹುಲಗೋಳದಿಂದ ವಜ್ರಳ್ಳಿ ತನಕ ಮೊಮ್ಮಗಳ ಪಕ್ಕ ಮುಂದಿನ ಸೀಟು! ಆ ವಾರವಿಡೀ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಶನಿವಾರ ಸಂಜೆ ಮಗ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ. ಕೈಯಲ್ಲಿ ಚೀಟಿ.

"ಗಾಳಿ?"

"ನೋಡ್ಸಿದ್ದೆ."

"ಇನ್ಶೂರೆನ್ಸಿನ ಕಾಗದ? ಬ್ರೇಕಿನ ಎಣ್ಣೆ? ಗಾಜು ಒರೆಸೋ ನೀರು?"

"ಇದ್ದು, ಇದ್ದು, ಇದ್ದು."

"ಸ್ಟೆಪ್ನಿ?"

ಅವಳು ಡಿಕ್ಕಿ ತೆಗೆದು, ಒಳಗಿನ ಹಾಸು ಎತ್ತಿ ತೋರಿಸಿದಳು. ಕೆಳಗೆ ದುಂಡಗಿನ ಒಂದು ಗುಂಡಿ, ಅದರಲ್ಲಿ ಮಲಗಿದ ಹಾಗೆ ಹೆಚ್ಚಿನ ಗಾಲಿ. ಮಗ ಅದನ್ನೂ ಒತ್ತಿ ನೋಡಿ ಚೀಟಿಯಲ್ಲಿ ಗೀಟು ಹಾಕಿದ. ನಾನು ಹಿಂದೆ ನಿಂತು ನೋಡಿದ್ದು ಗಾಲಿಯನ್ನಲ್ಲ, ಆ ಗುಂಡಿಯನ್ನು. ಎಷ್ಟು ದುಂಡಗೆ, ಎಷ್ಟು ಆಳವಾಗಿ, ಎಷ್ಟು ಚೆಂದ ಇತ್ತು!

ಈಗ ತೊಡೆದೇವಿನ ವಿಚಾರ ಹೇಳಲೇಬೇಕು. ನಮ್ಮ ಕಡೆಯವರಿಗೆ ಗೊತ್ತು, ಬೇರೆಯವರಿಗೆ ಹೇಳುತ್ತೇನೆ. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಅದರ ಬೆನ್ನಿಗೆ ಸವರಬೇಕು. ಎದ್ದು ಬರುವ ಸಿಹಿ ಹಾಳೆ ಕಾಗದಕ್ಕಿಂತ ತೆಳು. ಬಿಸಿಯಿದ್ದಾಗಲೇ ಮಡಚಿ ಇಡಬೇಕು. ಆಮೇಲೆ ಜೋರಾಗಿ ಉಸಿರು ಬಿಟ್ಟರೂ ಮುರಿಯುತ್ತದೆ. ನನ್ನ ತಂಗಿಗೆ ಅದೆಂದರೆ ಜೀವ. ಆದರೆ ಇಷ್ಟು ವರ್ಷ ನಾನು ಬಸ್ಸಿನಲ್ಲಿ ಒಯ್ದಿದ್ದೆಲ್ಲ ಯಲ್ಲಾಪುರ ಮುಟ್ಟುವಷ್ಟರಲ್ಲಿ ಪುಡಿ. ಅವಳು ಪ್ರತಿ ಸಲವೂ, "ಅಕ್ಕಾ, ಈ ಸಲ ಹಿಟ್ಟು ತಂದ್ಯನೇ?" ಎಂದು ಕೇಳಿ, ಹಾಲಿಗೆ ಹಾಕಿಕೊಂಡು ಚಮಚದಲ್ಲಿ ತಿನ್ನುತ್ತಿದ್ದಳು.

ಈ ಸಲ ಕಾರು. ಈ ಸಲ ಇಡಿಯಾಗಿಯೇ ಒಯ್ಯಬೇಕು.

ಭಾನುವಾರ ಬೆಳಿಗ್ಗೆ ಮಗ ತೋಟಕ್ಕೆ ಹೋದ. ಮೊಮ್ಮಗಳು ಸ್ನಾನಕ್ಕೆ ಹೋದಳು. ನಾನು ಡಿಕ್ಕಿ ತೆಗೆದೆ. ಗಾಲಿಯ ನಡುವೆ ಒಂದು ತಿರುಪು ಇತ್ತು, ಹಾಲಿನ ಕ್ಯಾನಿನ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸಿದರೆ ಬಂತು. ಎಪ್ಪತ್ತೆರಡು ವಯಸ್ಸಾದರೂ ಹುಲ್ಲಿನ ಹೊರೆ ಹೊತ್ತ ಮೈ ಇದು. ಗಾಲಿ ಎತ್ತಿ ಇಳಿಸಿ, ಉರುಳಿಸಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ನಿಲ್ಲಿಸಿದೆ. ಗುಂಡಿಗೆ ಎರಡು ಹಳೇ ಸೀರೆ ಹಾಸಿ, ತೊಡೆದೇವಿನ ಅಗಲ ಡಬ್ಬಿ ಇಟ್ಟೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಮೇಲೆ ಹಾಸು ಮುಚ್ಚಿದೆ. ಇರುವ ನಾಲ್ಕು ಗಾಲಿಯೂ ಗಟ್ಟಿ ಇವೆಯಲ್ಲ, ಐದನೆಯದು ಸುಮ್ಮನೆ ತಿರುಗಾಟಕ್ಕೆ ಯಾಕೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಹೊರಟೆವು. ಮೊಮ್ಮಗಳು ಮೊಬೈಲನ್ನು ಎದುರಿಗೆ ಸಿಕ್ಕಿಸಿದಳು. ಅದರೊಳಗೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ದಾರಿ ಹೇಳಲು ಶುರು ಮಾಡಿದಳು.

"ಈ ದಾರಿ ನಂಗೇ ಗೊತ್ತಿದ್ದಲೇ, ಇವಳೆಂತಕ್ಕೆ?"

"ಅಭ್ಯಾಸಕ್ಕೆ ಅಮ್ಮಮ್ಮ. ಸಿದ್ದಾಪುರದ ಹಳ್ಳಿ ನಂಗೆ ಗೊತ್ತಿಲ್ಲೆ ಅಲ್ದಾ? ಇವಳು ಇಡೀ ಲೋಕಕ್ಕೇ ದಾರಿ ಹೇಳ್ತಾಳೆ. ನನ್ನ ಗೆಳತಿ ದುಬೈನಲ್ಲಿ ಗಾಡಿ ಓಡಿಸ್ತಾಳೆ, ಅಲ್ಲೂ ಇವಳೇ. ಅಲ್ಲಿ ಎಲ್ಲರೂ ಬಲಗಡೆ ಹೋಪದು, ಇವಳಿಗೆ ಅದೂ ಗೊತ್ತಿದ್ದು."

"ದುಬೈ ಗೊತ್ತಿದ್ದವಳು ಈಗ ಎಡಕ್ಕೆ ತಿರುಗು ಹೇಳ್ತಾ ಇದ್ದಲೇ? ಅಲ್ಲಿ ಇಪ್ಪದು ಒಂದು ಅಡಿಕೆ ಅಂಗಳ. ಅವರು ಅಡಿಕೆ ಒಣಗಿಸಿದ್ದ. ಅದರ ಮೇಲೆ ಹೋಪನ?"

ಮೊಮ್ಮಗಳು ಎಷ್ಟು ನಕ್ಕಳೆಂದರೆ ಗಾಡಿ ನಿಧಾನ ಮಾಡಬೇಕಾಯಿತು. ಆದರೆ ಓಡಿಸುವುದು ನೋಡಬೇಕು! ತಿರುವಿಗೆ ಮುಂಚೆ ಹಾರ್ನ್, ಎದುರು ಲಾರಿ ಬಂದರೆ ಬದಿಗೆ ಸರಿದು ನಿಲ್ಲುವುದು. ಹೊಟ್ಟೆಯಲ್ಲಿನ ನೀರು ಅಲುಗಲಿಲ್ಲ. ರಸ್ತೆ ಬದಿಯಲ್ಲಿ ಪರಿಚಯದವರು ಯಾರಾದರೂ ಕಾಣಲಿ ಎಂದು ನಾನು ಕಿಟಕಿಯಿಂದ ಮುಖ ಹೊರಗಿಟ್ಟೇ ಕೂತಿದ್ದೆ. ಒಬ್ಬರೂ ಕಾಣಲಿಲ್ಲ. ಬೇಕಾದಾಗ ಜನ ಸಿಗುವುದೇ ಇಲ್ಲ.

ಮಂಚೀಕೇರಿಗೆ ಇನ್ನು ಮೂರು ಕಿಲೋಮೀಟರು ಇರಬೇಕು, ಗಾಡಿ ಒಂದು ಬದಿಗೆ ಎಳೆಯತೊಡಗಿತು. ಪಡ್ ಪಡ್ ಎಂದು ಶಬ್ದ. ಅವಳು ನಿಲ್ಲಿಸಿ ಇಳಿದು ನೋಡಿದಳು. ಎಡಗಡೆ ಹಿಂದಿನ ಗಾಲಿ ನೆಲಕ್ಕೆ ಅಂಟಿತ್ತು.

"ಹೆದರಡ ಅಮ್ಮಮ್ಮ. ಹತ್ತು ನಿಮಿಷದ ಕೆಲಸ. ಸ್ಟೆಪ್ನಿ ಇದ್ದು."

ಅವಳು ಡಿಕ್ಕಿ ತೆಗೆದಳು. ಹಾಸು ಎತ್ತಿದಳು. ನನ್ನ ಹಳದಿ ಸೀರೆ, ಅದರ ನಡುವೆ ಡಬ್ಬಿ. ಅವಳು ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದಳು, ಅದರೊಳಗೆ ಗಾಲಿ ಇದೆಯೇನೋ ಎಂಬಂತೆ.

"ಅಮ್ಮಮ್ಮಾ... ಇದೆಂತದು?"

"ತೊಡೆದೇವು."

"ಸ್ಟೆಪ್ನಿ?"

"ಕೊಟ್ಟಿಗೇಲಿ."

ಅವಳು ರಸ್ತೆ ಬದಿಯ ಮೈಲುಗಲ್ಲಿನ ಮೇಲೆ ಕೂತಳು. ಮೊಬೈಲು ಕೈಯಲ್ಲಿ ಹಿಡಿದು ಅಪ್ಪನ ಹೆಸರನ್ನೇ ನೋಡುತ್ತಾ ಕೂತಳು. ಅದೊಂದು ಗುಂಡಿ ಒತ್ತಿದರೆ ಮಗ ಮುಕ್ಕಾಲು ಗಂಟೆಯಲ್ಲಿ ಗಾಲಿ ತಂದುಕೊಡುತ್ತಿದ್ದ, ಕೀಲಿಯನ್ನೂ ಒಯ್ಯುತ್ತಿದ್ದ. ಸೋಮವಾರದಿಂದ ನನ್ನ ಕೂಸು ಔಷಧಿ ಪೆಟ್ಟಿಗೆ ಹೊತ್ತು ಬಸ್ಸಿಗೆ ನಿಲ್ಲಬೇಕು. ಎಲ್ಲಾ ನನ್ನಿಂದ.

"ಮಾಡು ಫೋನು," ಎಂದೆ. "ಆನೇ ಮಾತಾಡ್ತೆ. ತಪ್ಪು ನಂದು ಹೇಳ್ತೆ."

"ತಪ್ಪು ಯಾರದ್ದಾದ್ರೂ ಫೋನ್ ಫೋನೇ ಅಲ್ದಾ ಅಮ್ಮಮ್ಮ?" ಎಂದು ಅವಳು ಮೊಬೈಲನ್ನು ಕಿಸೆಗೆ ಹಾಕಿ ಎದ್ದಳು. ಚಕ್ರಗಳಿಗೆ ಕಲ್ಲು ಕೊಟ್ಟಳು. ಪಾನಾ ಹಾಕಿ, ಅದರ ಮೇಲೆ ಹತ್ತಿ ನಿಂತು, ಒಂದೊಂದೇ ನಟ್ ಸಡಿಲ ಮಾಡಿದಳು. ಆಮೇಲೆ ಜಾಕ್ ಏರಿಸಿದಳು. ಸೂಜಿ ಚುಚ್ಚುವ ಕೈ ಅಲ್ಲ, ಎಮ್ಮೆ ಹೊಟ್ಟೆಯಿಂದ ಕರು ಎಳೆಯುವ ಕೈ ಅದು. ಗಾಲಿ ಬಂತು. ಕಾರಿನ ಅಡಿಗೆ ಒಂದು ಮರದ ತುಂಡನ್ನೂ ಕೊಟ್ಟಳು.

ಅಷ್ಟರಲ್ಲಿ ಅನಾನಸು ತುಂಬಿದ ಒಂದು ಸಣ್ಣ ಟೆಂಪೋ ನಿಂತಿತು. ಬನವಾಸಿ ಕಡೆಯ ಚಾಲಕ.

"ಯಾಕ್ರಿ ಅಕ್ಕಾರ, ಏನಾತ್ರಿ? ಸ್ಟೆಪ್ನಿ ಇಲ್ಲೇನ್ರಿ?"

"ಅದರ ಜಾಗ್ದಲ್ಲಿ ತಿಂಡಿ ಇದೆ," ಎಂದಳು ಮೊಮ್ಮಗಳು.

ಅವನು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದ. "ಮಂಚೀಕೇರ್ಯಾಗ ಪಂಚರ್ ಅಂಗಡಿ ಐತ್ರಿ. ಗಾಲಿ ಹಾಕ್ರಿ, ಯಾರರ ಒಬ್ರು ಬರ್ರಿ. ನಾ ಯಲ್ಲಾಪುರಕ್ಕ ಹೊಂಟೀನಿ, ವಾಪಸ್ ಬಿಡಾಕ ಆಗಂಗಿಲ್ಲ."

ನಾನು ಆಗಲೇ ಟೆಂಪೋದ ಬಾಗಿಲು ಹಿಡಿದಿದ್ದೆ. "ಕೂಸೆ, ಜಾಕ್ ಹಾಕಿದ ಗಾಡಿ ಬಿಟ್ಟು ನೀ ಬಪ್ಪಲಾಗ. ಗಾಲಿ ತೆಗೆದು ಇಟ್ಟವಳು ಆನು, ಸರಿ ಮಾಡ್ಸಿ ತಗಂಡು ಬಪ್ಪವಳೂ ಆನೇ."

ದಾರಿಯಲ್ಲಿ ಟೆಂಪೋದವನಿಗೆ ಎಲ್ಲವನ್ನೂ ಹೇಳಿದೆ, ಕರಾರು, ಕೀಲಿ, ಸೋಮವಾರ. ಅವನು ಪಂಚರ್ ಅಂಗಡಿಯವನಿಗೆ ಹೇಳಿದ. ಅಂಗಡಿಯವನು ಬೆರಳುದ್ದದ ಮೊಳೆ ಕಿತ್ತು, ಅಂಟು ಸವರಿದ ದಾರದಂಥದ್ದನ್ನು ತೂತಿಗೆ ತುರುಕಿ, ಗಾಳಿ ಹಾಕಿ, ಎಂಜಲು ಹಚ್ಚಿ ಪರೀಕ್ಷೆ ಮಾಡಿ, "ಅಜ್ಜಿ, ಇನ್ನು ಇದು ದುಬೈ ತನಕ ಹೋಗ್ತದೆ," ಎಂದ. ದುಬೈ ವಿಷಯವನ್ನೂ ನಾನು ಹೇಳಿಬಿಟ್ಟಿದ್ದೆ ಅನ್ನಿಸುತ್ತದೆ.

ವಾಪಸು ಹೋಗಲು ಶಿರಸಿ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ಅಡ್ಡ ನಿಂತ.

"ಅಜ್ಜೀ, ಏನಿದು? ಗಾಲಿಗೆ ಲಗೇಜ್ ಟಿಕೆಟ್ ಆಗ್ತೈತಿ."

"ಹೆಂಗಸರಿಗೆ ಫ್ರೀ ಅಲ್ಲವೋ?"

"ನಿಮಗ ಫ್ರೀ. ಗಾಲಿ ಹೆಂಗಸೇನು? ಆಧಾರ್ ಕಾರ್ಡ್ ಐತೇನು ಅದಕ್ಕ?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಹೇಳಿದೆ, "ತಮ್ಮಾ, ನನ್ನ ಮೊಮ್ಮಗಳು ದನದ ಡಾಕ್ಟರು. ಮೂರು ಗಾಲಿಯ ಕಾರಿನಲ್ಲಿ ನಿಂತಿದ್ದಾಳೆ. ಇದು ಅವಳ ನಾಲ್ಕನೆಯದು. ಟಿಕೆಟ್ ಹರಿ, ಕೊಡ್ತೇನೆ. ಬೇಗ ಬಸ್ಸು ಬಿಡು." ಅವನು ಟಿಕೆಟ್ ಹರಿದ. ಆದರೆ ಕಾರಿನ ಹತ್ತಿರ ಬಸ್ಸು ನಿಲ್ಲಿಸಿ, ತಾನೇ ಗಾಲಿ ಇಳಿಸಿ, ಅವಳ ಕಾಲ ಬುಡದ ತನಕ ಉರುಳಿಸಿಕೊಟ್ಟ. "ನಮ್ಮನ್ಯಾಗೂ ಆಕಳು ಐತ್ರಿ ಡಾಕ್ಟ್ರ," ಎಂದ. ಅವನಿಗೆ ಎರಡು ತೊಡೆದೇವು ಕೊಟ್ಟೆ. ಒಂದೂ ಮುರಿದಿರಲಿಲ್ಲ. ಖುಷಿ ಪಡಬೇಕೋ ನಾಚಬೇಕೋ ತಿಳಿಯಲಿಲ್ಲ.

ಅವಳು ಗಾಲಿ ಹಾಕಿದಳು. ಯಲ್ಲಾಪುರ ಹತ್ತಿರ ಬಂದಾಗ ಮೊಬೈಲು ಬಡಿದುಕೊಳ್ಳತೊಡಗಿತು. ಮಂಚೀಕೇರಿ ದಾಟಿದ ಮೇಲೆ ನೆಟ್‌ವರ್ಕ್ ಇಲ್ಲದೆ ಬಂದು ನಿಂತಿದ್ದ ಮಗನ ಕರೆಗಳೇ ಹನ್ನೊಂದು. ಓಡಿಸುತ್ತಾ ಫೋನು ಮುಟ್ಟಬಾರದು ಎಂದು ಅವಳು ಬದಿಗೆ ನಿಲ್ಲಿಸುವಷ್ಟರಲ್ಲಿ ನಾನೇ ಎತ್ತಿದೆ.

"ಆಯೀ! ಕೊಟ್ಟಿಗೇಲಿ ಸ್ಟೆಪ್ನಿ ಇದ್ದು!"

"ಇದ್ದಲ? ಒಳ್ಳೇದಾತು. ಹುಲ್ಲು ಮುಚ್ಚಿಡು, ದನ ನೆಕ್ಕುಗು."

"ಗಾಡಿ ನಿಲ್ಸಿ! ಇದ್ದಲ್ಲೇ ಇರಿ, ಆನು ತಗಂಡು ಬತ್ತೆ. ಪಂಚರ್ ಆದ್ರೆ ಎಂತ ಮಾಡ್ತಿ?"

"ಆಗಿ ಆತು ಮಾರಾಯಾ."

ನಾನು ಒಂದೇ ಉಸಿರಿಗೆ ಎಲ್ಲ ಹೇಳಿ, ಕೊನೆಗೆ ಹೇಳಿದೆ, "ತಪ್ಪು ನಂದು. ಶಿಕ್ಷೆ ಕೊಡೂದಾದ್ರೆ ನಂಗೆ ಕೊಡು. ಕೂಸು ನಿಂಗೆ ಫೋನ್ ಮಾಡಿದ್ದಿಲ್ಲೆ, ಮಾಡಿದವ ನೀನು."

ಮಗ, "ಕೂಸಿನ ಕೈಗೆ ಕೊಡು," ಎಂದ. ನಾನು ಮೊಬೈಲನ್ನು ಎಲ್ಲರಿಗೂ ಕೇಳುವ ಹಾಗೆ ಮಾಡಿ ಮೊಮ್ಮಗಳ ಎದುರು ಹಿಡಿದೆ.

"ಚಕ್ರಕ್ಕೆ ಕಲ್ಲು ಕೊಟ್ಟಿದ್ಯ?"

"ಕೊಟ್ಟಿದ್ದೆ."

"ನಟ್ ಎದುರುಬದುರು ಬಿಗಿ ಮಾಡಿದ್ಯ, ಸಾಲಿಗೆ ಮಾಡಿದ್ಯ?"

"ಎದುರುಬದುರು."

"ಜಾಕ್ ಇಳಿಸಿದ ಮೇಲೆ?"

"ಮತ್ತೊಂದ್ಸಲ. ಪಾನಾ ಮೇಲೆ ನಿಂತು."

ಮೊಮ್ಮಗಳು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದಿದ್ದಳು, ಗಾಡಿ ನಿಂತೇ ಇದ್ದರೂ.

"ಹೂಂ," ಎಂದ ಮಗ. "ಬಪ್ಪಕಾದ್ರೆ ನಿಧಾನ ಬಾ. ನಾಳೆ ಸಿದ್ದಾಪುರಕ್ಕೆ ಏಳು ಗಂಟೆಗೇ ಹೊರಡು. ತಡ ಆದ್ರೆ ಮಂಜು ಕರಗಿದ ಮೇಲೆ ಲಾರಿ ಜಾಸ್ತಿ. ಕೀಲಿ ಎಲ್ಲಾದ್ರೂ ಮರೆತು ಬರಡ, ನಿಂಗೇ ಬೇಕು."

ಫೋನು ಇಟ್ಟ ಮೇಲೆ ನಾವಿಬ್ಬರೂ ಕಾರಿನೊಳಗೆ ಕೂಗಿದ್ದು ಕೇಳಿ, ಪಕ್ಕದಲ್ಲಿ ನಿಂತಿದ್ದ ಒಂದು ಆಕಳು ಬೆದರಿ ಓಡಿತು. ವಜ್ರಳ್ಳಿಯಲ್ಲಿ ನನ್ನ ತಂಗಿ ಏನೆಂದಳು, ಏನು ಅಡಿಗೆ ಮಾಡಿದ್ದಳು, ಒಂದೂ ನನಗೆ ನೆನಪಿಲ್ಲ.

ಮರುದಿನ ಏಳು ಗಂಟೆಗೆ ಅವಳು ಒಬ್ಬಳೇ ಹೊರಟಳು. ಮಗ ಗೇಟಿನ ಹತ್ತಿರ ನಿಂತು, ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಿಂತೇ ಇದ್ದ. ಒಂಬತ್ತು ಗಂಟೆಗೆ ಅವಳು ಸಿದ್ದಾಪುರ ಮುಟ್ಟಿದೆ ಎಂದು ಫೋನು ಮಾಡಿದಳು. ನಾನು ಸೀರೆ ಸರಿ ಮಾಡಿಕೊಂಡು ಊರಿಗೆಲ್ಲ ಹೇಳಿ ಬರೋಣ ಎಂದು ಹೊರಟರೆ, ಹಾಲಿನ ಡೇರಿಯಲ್ಲಿ ಗೊತ್ತು, ಸೊಸೈಟಿಯಲ್ಲಿ ಗೊತ್ತು, ಕೊನೇ ಮನೆಯವರಿಗೂ ಗೊತ್ತು. ಮಗ ನನಗಿಂತ ಮುಂಚೆಯೇ ಒಂದು ಸುತ್ತು ಹೊಡೆದು, "ನನ್ನ ಕೂಸು ಒಂದೇ ಹೋತು, ತಾನೇ ಗಾಲಿ ಬದಲಾಯಿಸ್ತು" ಎಂದು ಎಲ್ಲರಿಗೂ ಹೇಳಿ ಮುಗಿಸಿದ್ದ. ನನಗೆ ಹೇಳಲು ಒಬ್ಬರೂ ಉಳಿದಿರಲಿಲ್ಲ. ಅದಕ್ಕೇ ಮನೆಗೆ ಬಂದು ಈ ಪಟ್ಟಿ ಪುಸ್ತಕ ಹಿಡಿದು ಬರೆಯಲು ಕೂತೆ.