ಅಲಸಂದಿಗೆ ಒಂದು ಬುಟ್ಟಿ ಮಣ್ಣು

ಆ ವರ್ಷ ಅಲಸಂದಿ ಹಳದಿಯಾದದ್ದು ಅವ್ವನ ತಪ್ಪಿನಿಂದ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ಈಗ ಆ ಮಾತು ನನಗೇ ಅನುಮಾನ.

ದುಡಿಯಲು ಬಂದು ನೆಲೆಸಿದ ಸಾಂಕೋಲೆಯಲ್ಲಿ ನಮ್ಮ ತಗಡಿನ ಮನೆಯ ಹಿಂದೆ ಒಂದು ಗದ್ದೆಯಿದೆ. ಭತ್ತ ಕೊಯ್ದ ಮೇಲೆ ಗದ್ದೆಯ ಒಡತಿ ಅದರ ಒಂದು ಮೂಲೆಯನ್ನು ಅವ್ವನಿಗೆ ಬಿಟ್ಟುಕೊಡುತ್ತಾರೆ. ಕಟ್ಟಡದ ಕೆಲಸಕ್ಕೆ ಹೋಗುವ ಮೊದಲು, ಬಂದ ಮೇಲೆ, ಅವ್ವ ಇರುವುದು ಅಲ್ಲಿಯೇ. ಆ ಸಲ ಒಡತಿ ಮೊದಲೇ ಹೇಳಿದ್ದರು: ಹೋದ ವರ್ಷದಂತೆ ಬೆಳೆ ಹಳದಿಯಾದರೆ ಆ ಮೂಲೆಯಲ್ಲಿ ತಮ್ಮ ಅಳಿಯ ಲಾರಿ ನಿಲ್ಲಿಸುತ್ತಾನೆ.

ನಾನು ಕೃಷಿ ಓದಿದವನು. ಅಲಸಂದಿಯ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಜೀವಾಣುಗಳು ಆ ಮಣ್ಣಿನಲ್ಲಿಲ್ಲ ಎಂದು ತೀರ್ಮಾನಿಸಿ, ಮ್ಹಾಪಸಾ ಪೇಟೆಯಿಂದ ಅವುಗಳ ಪಾಕೀಟು ತಂದೆ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ ನೆರಳಿನಲ್ಲಿ ಆರಿಸಬೇಕು ಎಂದೆ.

"ಬೀಜಕ್ಕ ಬೆಲ್ಲದ ಪಾನಕ! ಯಾವಾಗ ಲಗ್ನಾ ಇದರದ್ದು?" ಎಂದು ಅವ್ವ ನಕ್ಕಳು.

ಹಚ್ಚಿ, ಆರಿಸಿ, ಬಿತ್ತಿದವಳು ಅವಳೇ. ಸಸಿಗಳು ಎದ್ದವು, ಹಳದಿಯಾದವು. ಒಂದನ್ನು ಕಿತ್ತು ನೋಡಿದೆ. ಬೇರಿನಲ್ಲಿ ಒಂದೇ ಒಂದು ಗಂಟಿರಲಿಲ್ಲ.

"ಬಿಸಿಲಾಗ ಒಣಗಿಸಿದಿಯಲ್ಲ, ಜೀವಾಣು ಎಲ್ಲಾ ಸತ್ತು ಹೋದ್ವು," ಎಂದು ಅವ್ವನಿಗೆ ಅಂದೆ.

"ಇರಬೇಕಪ್ಪಾ. ನನಗೇನು ತಿಳೀತೈತಿ," ಎಂದಳು.

ಬೀಜ ಬಿಸಿಲಿನಲ್ಲಿದ್ದದ್ದನ್ನು ನಾನು ಕಂಡೆನೋ, ಆಮೇಲೆ ಊಹಿಸಿಕೊಂಡೆನೋ, ಹೇಳಲಾರೆ. ಪಾಕೀಟು ಎರಡು ದಿನ ಬಿಸಿಲಿನಲ್ಲಿ ನಿಂತ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಕಾದದ್ದು ಮಾತ್ರ ಖಚಿತ. ತೆಗೆದಾಗ ಕೈಗೆ ಬಿಸಿ ಹತ್ತಿತ್ತು.

ಮುಂದಿನ ಭಾನುವಾರ ಅವ್ವ ಕೆಲಸದ ಕಬ್ಬಿಣದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದಳು. ಒಡತಿಯ ಬಾವಿಯ ಪಕ್ಕ ವರ್ಷವರ್ಷವೂ ಅಲಸಂದಿ ಕಪ್ಪು ಹಸಿರಾಗಿ ಬೆಳೆಯುವ ಮಡಿಯ ಮಣ್ಣು. ಆ ಉಪಾಯ ನನ್ನದೆಂದೇ ಗೆಳೆಯರಿಗೆ ಹೇಳಿದ್ದೇನೆ. ಆದರೆ ಬುಟ್ಟಿ ನೋಡಿ ನಾನು ನಕ್ಕದ್ದೂ ನೆನಪಿದೆ. "ಇಷ್ಟ ಮಣ್ಣಿಂದ ಏನಾಗತೈತಿ?" ಎಂದಿದ್ದೆ.

"ಕೊಡಾ ಹಾಲಿಗೆ ಹೆಪ್ಪು ಎಷ್ಟು ಹಾಕ್ತಾರ?"

ಇದು ನನ್ನ ಮಾತಲ್ಲ. ನನ್ನ ಓದಿನಲ್ಲಿ ಹೆಪ್ಪು ಇರಲಿಲ್ಲ.

ಹಳದಿ ಸಸಿ ಕಿತ್ತು ಮತ್ತೆ ಬಿತ್ತಿದೆವು, ಕುಳಿಗೆ ಒಂದು ಹಿಡಿ ಆ ಮಣ್ಣು. ಹೂ ಬರುವ ಹೊತ್ತಿಗೆ ಒಡತಿ ಬಂದು ನಿಂತರು. ನಾನು ಒಂದು ಗಿಡವನ್ನು ಮಣ್ಣುಸಮೇತ ಎತ್ತಿ ತೊಳೆದೆ. ಬೇರಿನ ತುಂಬ ಗಂಟು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ಕೆಂಪು, ಜೀವ ಇರುವ ಗಂಟಿನ ಬಣ್ಣ. ಅವ್ವ ಸೆರಗಿನ ತುದಿ ಬಿಗಿಯಾಗಿ ಹಿಡಿದಿದ್ದಳು. ಒಡತಿ ಗಂಟು ನೋಡಲೇ ಇಲ್ಲ. ಎಲೆ ನೋಡಿ "ಬರೆಂ" ಎಂದರು, ಚೆನ್ನಾಗಿದೆ ಎಂದು. ಲಾರಿಗೆ ಬೇರೆ ಜಾಗ ನೋಡಲು ಅಳಿಯನಿಗೆ ಹೇಳುತ್ತೇನೆ ಎಂದು ಹೋದರು.

ಮೊನ್ನೆ ಅವ್ವನ ಜೊತೆ ಅಲಸಂದಿ ಕಾಯಿ ಬಿಡಿಸುತ್ತ ಕೇಳಿದೆ: "ಅವ್ವಾ, ಮಣ್ಣು ತರೂ ಉಪಾಯ ಯಾರದು?"

"ನಿಂದಽ ಅಲ್ಲೇನೋ. ಓದಿದಾವ ನೀನು."

ಈ ವಿಷಯದಲ್ಲಿ ಅವ್ವನ ಸಾಕ್ಷಿ ನಂಬುವಂಥದ್ದಲ್ಲ. "ಜೀವಾಣು ಸತ್ತಿದ್ದು ನಿನ್ನಿಂದಲ್ಲ. ಪಾಕೀಟು ನನ್ನ ಡಿಕ್ಕ್ಯಾಗಽ ಕಾದಿತ್ತು," ಎಂದೆ.

ಅವ್ವ ನನ್ನ ಮುಂದಿನ ಕಾಯಿಯ ರಾಶಿಯಲ್ಲಿ ಅರ್ಧ ತನ್ನ ಕಡೆ ಎಳೆದುಕೊಂಡಳು.