ಮೆಕ್ಸಿಕೋದ ಗುಡಿಗೊಂದು ಕಾಯಿ

ಟಿವಿಯ ಮೇಲೆ ಬರೀ ಆಕಾಶ ಕಾಣುತ್ತಿತ್ತು. ಆಮೇಲೆ ಒಂದು ಬೂಟುಗಾಲು ಅಡ್ಡ ಬಂತು. ಮತ್ತೊಮ್ಮೆ ಜೋರಾಗಿ ಸಿಳ್ಳೆ ಕೇಳಿಸಿತು, ತಿಳಿಯದ ಭಾಷೆಯಲ್ಲಿ ಯಾರೋ ಗದರಿದರು, ಪರದೆ ಕಪ್ಪಾಯಿತು. ಕತಾರಿನ ಅಲ್ ವಕ್ರಾದ ನಮ್ಮ ಫ್ಲ್ಯಾಟಿನಲ್ಲಿ ನಾನು, ನನ್ನ ಹೆಂಡತಿ, ಮಗಳು ಮೂವರೂ ಕುಳಿತಲ್ಲೇ ಕಲ್ಲಾದೆವು. ಹೆಂಡತಿಯ ಕೈಗಳು ಇನ್ನೂ ಮುಗಿದೇ ಇದ್ದವು.

ಇದು ಹೇಗಾಯಿತೆಂದು ಮೊದಲಿನಿಂದ ಹೇಳಬೇಕು.

ನಾನು ಗ್ಯಾಸ್ ಪ್ಲಾಂಟಿನಲ್ಲಿ ಸ್ಕಾಫೋಲ್ಡಿಂಗ್ ಸೂಪರ್‌ವೈಸರ್. ನನ್ನ ಹುಡುಗರು ಕಂಬಿ ಜೋಡಿಸಿ ಕಟ್ಟಿದ ಅಟ್ಟದ ಮೇಲೆ ಹತ್ತಿ ಪೈಪಿನ ಬೆಸುಗೆ ನೋಡುವ ಇನ್‌ಸ್ಪೆಕ್ಟರ್ ಮೆಕ್ಸಿಕೋದವನು. ಗಿಡ್ಡ ಆಳು, ನಮ್ಮಂತೆಯೇ ಕಂದು ಬಣ್ಣ. ಮೊದಲ ದಿನ ಅವನನ್ನು ರಾಯಚೂರು ಕಡೆಯವನಿರಬೇಕು ಎಂದುಕೊಂಡು ಕನ್ನಡದಲ್ಲೇ ಮಾತಾಡಿಸಿದ್ದೆ. ಅವನು ನಕ್ಕ. ಅಲ್ಲಿಂದ ದೋಸ್ತಿಯಾಯಿತು. ಇಬ್ಬರದೂ ಹರಕು ಇಂಗ್ಲಿಷು, ಆದರೂ ಮಾತಿಗೆ ಕೊರತೆಯಾಗಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ನನ್ನ ಡಬ್ಬಿಯ ರೊಟ್ಟಿ ಮುರಿದು ತಿಂದು, ತನ್ನ ತಾಯಿಯೂ ಹೀಗೇ ಕೈಯಲ್ಲೇ ತಟ್ಟುತ್ತಾಳೆ, ಅದು ಮೆಕ್ಕೆಜೋಳದ್ದು, ನಾವು ಮಾಯಾ ಜನ ಎಂದ.

ನನಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಹಿಂದೆ ಊರಲ್ಲಿದ್ದಾಗ ಟಿವಿಯವರು ದಿನವಿಡೀ ಹೇಳಿದ್ದರಲ್ಲ, ಮಾಯಾ ಜನರ ಪಂಚಾಂಗ ಮುಗಿಯುತ್ತದೆ, ಅವತ್ತೇ ಪ್ರಳಯ ಎಂದು! ಆ ಜನ ಸಾವಿರ ವರ್ಷದ ಹಿಂದೆಯೇ ಅಳಿದುಹೋದರು ಎಂದೂ ಹೇಳಿದ್ದರು. ನಾನು ಶಾಲೆಗೆ ಸೇರಿದ್ದೇ ತಡವಾಗಿ, ಎಸ್ಸೆಸ್ಸೆಲ್ಸಿ ಪಾಸಾದಾಗ ಮದುವೆಯಾಗಿತ್ತು. ಇತಿಹಾಸದ ಪಾಠದಲ್ಲಿ ಬರುವವರೆಲ್ಲ ಸತ್ತವರು ಎಂದೇ ನನ್ನ ನಂಬಿಕೆ. ಅಂಥವನೊಬ್ಬ ಹೆಲ್ಮೆಟ್ಟು ಪಕ್ಕಕ್ಕಿಟ್ಟು ನನ್ನ ಹೆಂಡತಿಯ ರೊಟ್ಟಿ ತಿನ್ನುತ್ತಿದ್ದ. ಪ್ರಳಯದ ವಿಷಯ ಕೇಳಿದೆ. ಆ ದಿನ ತಾಯಿ ಮನೆಯಲ್ಲಿ ಕೋಳಿಗೆ ಕಾಳು ಹಾಕುತ್ತಿದ್ದಳಂತೆ. ಪ್ರವಾಸಿಗಳು ಬಂದು ನೀವು ಹೆದರಿಲ್ಲವೇ ಎಂದು ಕೇಳಿ, ಅವಳ ಫೋಟೋ ತೆಗೆದುಕೊಂಡು ಹೋದರಂತೆ.

ಅವನ ಹಳ್ಳಿಯ ಹಿಂದೆ ಕಾಡಿದೆ. ಕಾಡಿನೊಳಗೆ ಪೂರ್ವಿಕರು ಕಟ್ಟಿದ ಕಲ್ಲಿನ ಗುಡಿ, ಅದಕ್ಕೆ ಏಣಿಯ ಹಾಗೆ ಕಡಿದಾದ ಮೆಟ್ಟಿಲು. ಅವನು ಫೋಟೋ ತೋರಿಸಿದಾಗ ನಾನೂ ನಮ್ಮ ಕಡೆಯ ಹಳೇ ಗುಡಿಗಳ ಮಾತು ತೆಗೆದೆ. ನಮ್ಮಲ್ಲಿ ಒಂದು ಕಾಲಕ್ಕೆ ಅವುಗಳೊಳಗೇ ಜನ ಸಂಸಾರ ಮಾಡುತ್ತಿದ್ದರು. ನನ್ನ ಅಜ್ಜಿ ಹಾಗೆ ಒಂದು ಗುಡಿಯಲ್ಲಿ ಒಲೆ ಹೂಡಿ ಬಾಳಿದವಳು. ಆಮೇಲೆ ಸರ್ಕಾರ ಎಲ್ಲರನ್ನೂ ಎಬ್ಬಿಸಿ ಬೇಲಿ ಹಾಕಿತು. ಹೊಗೆ ಹಿಡಿದ ಚಾವಣಿ ಇವತ್ತಿಗೂ ಕಪ್ಪಗಿದೆ. ಕಳೆದ ರಜೆಯಲ್ಲಿ ಟಿಕೆಟ್ ತೆಗೆದು ಒಳಗೆ ಹೋಗಿ ಅದನ್ನು ಮಗಳಿಗೆ ತೋರಿಸಿದ್ದೆ. ಟಿಕೆಟ್ ತೆಗೆಯುವಾಗ ನನಗೇನೂ ಅನ್ನಿಸಿರಲಿಲ್ಲ.

ಅವನು ರಜೆಗೆ ಹೊರಡುವ ಮೊದಲು ಊಟಕ್ಕೆ ಕರೆದೆವು. ಶುಕ್ರವಾರ ಸಂಜೆ ಫೋನ್ ಹಚ್ಚುತ್ತೇನೆ, ಆಗ ನಮ್ಮಲ್ಲಿ ಬೆಳಿಗ್ಗೆ, ಗುಡಿಯನ್ನೆಲ್ಲ ವೀಡಿಯೊದಲ್ಲಿ ತೋರಿಸುತ್ತೇನೆ ಎಂದ. ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು.

"ಅಷ್ಟ್ ದೊಡ್ಡ ಗುಡಿಗೆ ಹೊಂಟಾರ. ನಮ್ಮ ಹೆಸರ್ಲೆ ಒಂದ್ ಕಾಯಿ ಒಡಸ್ಕೊಂಡ್ ಬರ್ರಿ ಅಂತ ಹೇಳ್ರಿ."

ಅಲ್ಲಿ ಪೂಜಾರಿ ಇಲ್ಲ, ಪೂಜೆ ನಿಂತು ಎಷ್ಟೋ ಕಾಲವಾಗಿದೆ, ದೇವರೂ ಇಲ್ಲ ಎಂದೆ.

"ದೇವ್ರು ಎದ್ದು ಎಲ್ಲಿ ಹೋಕ್ಕಾನ? ಅಲ್ಲೇ ಇರತಾನ. ನೀವು ಹೇಳ್ರಿ."

ನಮ್ಮಲ್ಲಿ ಯಾತ್ರೆಗೆ ಹೊರಟವರಿಗೆಲ್ಲ ಹೀಗೆ ಹೇಳಿ ಕಳಿಸುವುದು ರೂಢಿ. ಅವನಿಗೆ ತಿಳಿಸಿ ಹೇಳಿದೆ. ಅವನು ಆಗಲಿ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ.

ಶುಕ್ರವಾರ ಫೋನನ್ನು ಟಿವಿಗೆ ಜೋಡಿಸಿಕೊಂಡು ಕುಳಿತೆವು. ಮರಗಳ ನಡುವೆ ಬೂದು ಕಲ್ಲಿನ ಗುಡಿ ಎದ್ದು ನಿಂತಿತ್ತು. ಕಂಬಿ ಇಲ್ಲದೆ, ಅಟ್ಟ ಇಲ್ಲದೆ ಅಷ್ಟೆತ್ತರ ಕಲ್ಲು ಹೇಗೆ ಸಾಗಿಸಿದರೋ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವನು ನಮ್ಮ ಮನೆಯಲ್ಲಿ ಕಂಡಂತೆ ಬೂಟು ಕಳಚಿದ. ಚೀಲದಿಂದ ತೆಂಗಿನಕಾಯಿ ತೆಗೆದು ನಮಗೆ ತೋರಿಸಿ, ಕೆಳಗಿನ ಮೆಟ್ಟಿಲಿಗೆ ಅಪ್ಪಳಿಸಿದ. ಮೊದಲ ಏಟಿಗೆ ಒಡೆಯಲಿಲ್ಲ. ಎರಡನೆಯದಕ್ಕೆ ಒಡೆದು ನೀರು ಚಿಮ್ಮಿತು. ಹೆಂಡತಿ ಕೈ ಮುಗಿದಳು. ಆಗಲೇ ಸಿಳ್ಳೆ ಕೇಳಿಸಿ, ಫೋನ್ ಅವನ ಕೈಜಾರಿ ಬಿದ್ದದ್ದು.

ಮತ್ತೆ ಮತ್ತೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಮಗಳು ತನ್ನ ಫೋನಿನಲ್ಲಿ ಏನೋ ಓದುತ್ತಿದ್ದವಳು ತಲೆಯೆತ್ತಿ, "ಪಪ್ಪಾ, ಅದು ಪ್ರೊಟೆಕ್ಟೆಡ್ ಸೈಟ್. ಡ್ಯಾಮೇಜ್ ಮಾಡಿದ್ರೆ ಜೈಲ್ ಅಂತಿದೆ," ಎಂದಳು.

"ಗುಡ್ಯಾಗ ಕಾಯಿ ಒಡದ್ರ ಜೈಲಾ?" ಎಂದಳು ಹೆಂಡತಿ.

ಅದು ಗುಡಿಯಲ್ಲ, ಸ್ಮಾರಕ ಎಂದೆ. ನಮ್ಮೂರ ಬೇಲಿಯ ಬಳಿ ವಾಚ್‌ಮನ್ ಹೇಳುವ ಮಾತು ನನ್ನ ಬಾಯಿಂದ ಬಂದಿತ್ತು.

ವಾರದ ರಜೆ ಮುಗಿದು ಭಾನುವಾರ ಸೈಟಿಗೆ ಹೋದರೆ ಅಲ್ಲೂ ಅವನದೇ ಮಾತು. ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ ಮುಂದಿನ ವಾರವೇ ಶುರು. ಅವತ್ತು ಬೆಳಿಗ್ಗೆ ಇನ್‌ಸ್ಪೆಕ್ಟರ್ ಗೇಟಿನಲ್ಲಿ ಇರದಿದ್ದರೆ ಖಲಾಸ್, ಬದಲಿ ಆಳು ಸಿದ್ಧವಿದ್ದಾನೆ ಎಂದ ಮ್ಯಾನೇಜರ್. ಪೊಲೀಸ್ ಕೇಸಾಗಿ ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡರೆ ಅವನು ಬರುವುದೆಲ್ಲಿಂದ? ನಾವು ಬೇಡಿದ ಒಂದು ಕಾಯಿ ಅವನ ಅನ್ನ ಕಿತ್ತುಕೊಳ್ಳುವ ಹಾಗಿತ್ತು. ಹೆಂಡತಿ ದೇವರಿಗೆ ದೀಪ ಹಚ್ಚುತ್ತಿದ್ದಳು, ಆದರೆ ಏನನ್ನೂ ಬೇಡಿಕೊಳ್ಳಲಿಲ್ಲ. ಬೇಡಿದ್ದಕ್ಕೇ ಇಷ್ಟಾಯಿತು ಎನ್ನುತ್ತಿದ್ದಳು.

ಶಟ್‌ಡೌನ್ ಶುರುವಾದ ಬೆಳಿಗ್ಗೆ ಕೆಲಸಗಾರರ ಕ್ಯಾಂಪಿನ ಬಸ್ಸು ಬಂತು. ಎಲ್ಲರೂ ಇಳಿದ ಮೇಲೆ ಕೊನೆಗೆ ಅವನು ಇಳಿದ. ಅವನು ಒಡೆದ ಫೋನ್ ಎತ್ತಿ ತೋರಿಸಿ, ಗೆಳೆಯಾ, ನಿನ್ನ ದೇವರು ಕಾಯಿಯ ಜೊತೆ ಇದನ್ನೂ ತೆಗೆದುಕೊಂಡ ಎಂದ.

ಆ ವಾರದ ಶುಕ್ರವಾರವೇ ನಮ್ಮ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಸಿಳ್ಳೆ ಹೊಡೆದ ಕಾವಲುಗಾರ ಅವನ ದೊಡ್ಡಮ್ಮನ ಮಗನೇ. ಮೇಲಧಿಕಾರಿ ಅಲ್ಲೇ ಇದ್ದುದರಿಂದ ಬಿಡುವ ಹಾಗಿರಲಿಲ್ಲ. ಇವನನ್ನು ಆಫೀಸಿನಲ್ಲಿ ಕೂರಿಸಿದರು. ಸುದ್ದಿ ತಿಳಿದು ತಾಯಿ ನಡೆದುಕೊಂಡೇ ಬಂದಳು. ಯಾರನ್ನೂ ಕೇಳದೆ ಮೆಟ್ಟಿಲ ಹತ್ತಿರ ಹೋಗಿ ತನ್ನ ಶಾಲಿನಿಂದ ಕಾಯಿನೀರು ಒರೆಸಿ, ನೋಡು, ಎಲ್ಲಿ ಮುಕ್ಕಾಗಿದೆ ತೋರಿಸು ಎಂದು ಅಧಿಕಾರಿಯನ್ನು ಕೇಳಿದಳು. ಮುಕ್ಕಾಗಿರಲಿಲ್ಲ. ಇನ್ನೊಮ್ಮೆ ಹೀಗೆ ಮಾಡುವುದಿಲ್ಲ ಎಂದು ಬರೆಸಿಕೊಂಡು ಬಿಟ್ಟರು.

ಹೆಂಡತಿ ನನ್ನ ಕಡೆ ತಿರುಗಿ, ಅವರ ತಾಯಿ ನಮ್ಮನ್ನು ಬೈದಿರಬೇಕು, ಕೇಳಿ ಎಂದಳು. ಕೇಳಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ಆ ಗುಡಿಯ ಸುತ್ತಲೂ ಬೇಲಿಯಿದೆ, ತಾಯಿ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಅವಳು ಹುಟ್ಟುವ ಮೊದಲು ಮನೆಯವರು ಅಲ್ಲಿ ಧೂಪ ಹಾಕುತ್ತಿದ್ದರಂತೆ. ಅವಳು ಎಂದೂ ಹಾಕಿರಲಿಲ್ಲ. ಮನೆಗೆ ಮರಳುವ ದಾರಿಯುದ್ದಕ್ಕೂ, ಕಾಯಿ ಬೇಡಿದವರು ಯಾರು, ಅವರ ಮನೆಯ ಗುಡಿ ಹೇಗಿದೆ ಎಂದು ಕೇಳಿದಳು. ಅವನು ನನ್ನ ಅಜ್ಜಿಯ ಒಲೆಯ ಕಥೆ ಹೇಳಿದ.

ಅವನು ಜೇಬಿನಿಂದ ಬಟ್ಟೆಯ ಸಣ್ಣ ಗಂಟು ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟ. ಒಳಗೆ ಮರದ ಅಂಟಿನ ಗಟ್ಟಿ ತುಣುಕುಗಳಿದ್ದವು. ಅವಳು ಮೂಸಿ, ಲೋಬಾನ ಇದ್ದಂಗ ಐತಿ ಎಂದಳು. ಅಜ್ಜಿಯ ಒಲೆ ಇದ್ದ ಜಾಗದಲ್ಲಿ ತನ್ನ ಹೆಸರಿನಲ್ಲಿ ಇದರ ಧೂಪ ಹಾಕಬೇಕೆಂದು ತಾಯಿ ಹೇಳಿ ಕಳಿಸಿದ್ದಳು.

"ಹಾಕತೀವಿ ಅಂತ ಹೇಳ್ರಿ," ಎಂದಳು ಹೆಂಡತಿ.

ನಾನು ಹೇಳಲಿಲ್ಲ. ಆ ಕಪ್ಪು ಚಾವಣಿಯ ಕೆಳಗೆ ಕಡ್ಡಿ ಗೀರಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದೂ ಇಷ್ಟು ವರ್ಷ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ ಎಂಬುದು ಅವತ್ತು ಸಂಜೆ ನನ್ನ ಎದೆಗೆ ಬಡಿಯಿತು. ಅಜ್ಜಿಯ ಮನೆಗೆ ಟಿಕೆಟ್ ತೆಗೆದವನು ನಾನು.

"ವಾಚ್‌ಮನ್ ಸಿಳ್ಳಿ ಹೊಡಿತಾನ," ಎಂದೆ ಮೆಲ್ಲಗೆ.

"ಹೊಡೀಲಿ," ಎಂದು ಅವಳು ಗಂಟನ್ನು ದೇವರ ಮುಂದಿಟ್ಟು ಬಂದಳು. "ನೀವು ಅವ್ರಿಗೆ ಹೇಳ್ರಿ ಮೊದಲ."

ಅವನು ನಮ್ಮಿಬ್ಬರ ಮುಖ ನೋಡುತ್ತ ಕಾಯುತ್ತಿದ್ದ. ಆಗಲಿ ಎಂದು ನಾನು ಎದೆಯ ಮೇಲೆ ಕೈಯಿಟ್ಟುಕೊಂಡೆ.