ಕೋಂ ಲೇಟ್ ಚೆನ್ನಯ್ಯ

ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬುದ್ಧಿಯ ಬಗ್ಗೆ ಅಂಥ ಮಾತು ಯಾರೂ ಆಡಿಲ್ಲವಾದ್ದರಿಂದ, ನಿವೃತ್ತನಾದ ಮೇಲೆ ಹುಣಸೂರಿನ ತಾಲ್ಲೂಕು ಕಚೇರಿ ಎದುರು ಕೂತು ಬಂದವರಿಗೆ ಅರ್ಜಿ ಬರೆದುಕೊಡುತ್ತೇನೆ. ಮಗನಿಗೆ ಬಿನ್, ಹೆಂಡತಿಗೆ ಕೋಂ, ತೀರಿಕೊಂಡವರಿಗೆ ಲೇಟ್. ಇಷ್ಟು ಬಂದರೆ ನಮ್ಮ ಸೀಮೆಯ ಅರ್ಜಿ ಅರ್ಧ ಬಂದಂತೆ. ಬಿನ್ ಅರಬ್ಬರ ಕಡೆಯದು, ಲೇಟ್ ಇಂಗ್ಲಿಷರದು. ಕೋಂ ಎಲ್ಲಿಯದೆಂದು ಮಾತ್ರ ಕೇಳಬೇಡಿ. ಕೇಳಿದರೆ ಏನಾದರೂ ಹೇಳಿಬಿಡುತ್ತೇನೆ, ಹಾಳು ಚಾಳಿ.

ಕಡಲು ಗೋಡೆಗೆ ಬಂದು ಬಡಿದರೂ ತೀರದ ಜನ ಯಾಕೆ ಅಲ್ಲೇ ಇರುತ್ತಾರೆ ಎಂದು ಟೀವಿಯಲ್ಲಿ ಚರ್ಚೆಯಾದಾಗ ನಾನೂ ಕುರ್ಚಿಯಿಂದಲೇ ಪಾಲ್ಗೊಂಡು, ಕಸುಬು, ಮೊಂಡುತನ ಎಂದೆಲ್ಲ ತೀರ್ಪು ಕೊಟ್ಟಿದ್ದೇನೆ. ನಮಗೆ ಕಡಲಿಲ್ಲ, ಲಕ್ಷ್ಮಣತೀರ್ಥ ಇದೆ. ಬೇಸಿಗೆಯಲ್ಲಿ ಮೊಣಕಾಲು ನೆನೆಯದ ಹೊಳೆ. ಆದರೆ ಈಗೀಗ ಪುಷ್ಯ, ಆಶ್ಲೇಷ ಎಂಬ ಹೆಸರಿಗೆ ಮಳೆ ಓಗೊಡುತ್ತಿಲ್ಲ. ಕೊಡಗಿನಲ್ಲಿ ತಿಂಗಳ ಮಳೆ ಎರಡೇ ದಿನಕ್ಕೆ ಸುರಿಯುತ್ತದೆ, ಇಲ್ಲಿ ಹೊಳೆ ಮನೆಯೊಳಗೆ ಬರುತ್ತದೆ.

ಹಾಗೆ ಬಂದಾಗ ಹೊಳೆದಂಡೆಯ ಚೆನ್ನಯ್ಯ ಕೊಟ್ಟಿಗೆಯ ಹಸು ಬಿಚ್ಚಲು ನೀರಿಗಿಳಿದ. ಹಸು ಈಜಿ ದಡ ಸೇರಿತು. ಚೆನ್ನಯ್ಯನ ಹೆಣವೂ ಸಿಗಲಿಲ್ಲ. ಅವನ ಹೆಂಡತಿ ರತ್ನಮ್ಮ ಬಳೆ ತೆಗೆಯಲಿಲ್ಲ, ತಿಥಿ ಮಾಡಿಸಲಿಲ್ಲ. ಶಾಲೆಗೆ ಹೋಗುವ ಮಗಳನ್ನು ಕಟ್ಟಿಕೊಂಡು ಅದೇ ಮನೆಯಲ್ಲಿ ಉಳಿದಳು. ಕಳೆದ ಮಳೆಗಾಲದಲ್ಲಿ ಮತ್ತೆ ನೀರು ಬಂದು ಕಿಟಕಿ ಮುಟ್ಟಿತ್ತು.

ದಂಡೆಯವರಿಗೆ ದಿಬ್ಬದ ಮೇಲೆ ಸೈಟು ಕೊಡುತ್ತಾರೆಂದಾಗ, ಮಗಳ ಮುಖ ನೋಡಿಕೊಂಡು, ಅವಳನ್ನೂ ಕರೆದುಕೊಂಡು ರತ್ನಮ್ಮ ನನ್ನ ಹತ್ತಿರ ಬಂದಳು. ನನ್ನ ಕೈ ಅಭ್ಯಾಸಬಲದಿಂದ ‘ರತ್ನಮ್ಮ ಕೋಂ ಲೇಟ್ ಚೆನ್ನಯ್ಯ’ ಎಂದು ಬರೆದುಬಿಟ್ಟಿತು. ಓದಿ ಹೇಳಿ ಅಂದಳು, ಓದಿದೆ. ಲೇಟ್ ಬೇಡ, ಹೊಡೆದುಹಾಕಿ ಅಂದಳು. ದಂಡೆಯ ಮನೆ ಗಂಡನ ಹೆಸರಿನಲ್ಲಿದ್ದುದರಿಂದ, ಅದಿಲ್ಲದೆ ಸೈಟು ಅವಳ ಹೆಸರಿಗೆ ಬರುವಂತಿರಲಿಲ್ಲ. ಆಗ ನನ್ನ ಬುದ್ಧಿ ಚುರುಕಾಯಿತು ನೋಡಿ. ಬಸ್ಸು ಲೇಟು ಅನ್ನುವುದಿಲ್ಲವೇನಮ್ಮ, ಇದೂ ಅದೇ ಲೇಟು, ತಡವಾಗಿದೆ ಅಂತ ಅಷ್ಟೆ, ಹೆಬ್ಬೆಟ್ಟು ಒತ್ತು ಎಂದೆ. ಎಷ್ಟು ನಾಜೂಕಾಗಿ ದಾಟಿಸಿದೆ ಎಂದು ಒಳಗೊಳಗೇ ಬೀಗಿದೆ.

ಮಸಿ ಹತ್ತಿದ ಹೆಬ್ಬೆರಳನ್ನು ಅವಳು ಕಾಗದಕ್ಕೆ ತಾಗಿಸದೆ ಮೇಲೆಯೇ ತಡೆದು ಹಿಡಿದಳು.

“ತಡ ಆಗ್ಯದೆ ಅಂದ್ರೆ ಬತ್ತಾರೆ ಅಂತ ತಾನೆ? ಅಂಗಿದ್ಮೇಲೆ ನಾನ್ಯಾಕಣ್ಣಾ ಮನೆ ಬುಡ್ಲಿ?”

ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮಗಳ ಕೈ ಹಿಡಿದು ಹೊಳೆಯ ಕಡೆ ನಡೆದಳು. ಕೂಗಿ ಕರೆದು, ಅವನು ಸತ್ತಿದ್ದಾನೆ ಕಣಮ್ಮ ಎನ್ನಬಹುದಿತ್ತು. ಅರ್ಜಿ ಮಡಚಿ ಚೀಲಕ್ಕೆ ಸೇರಿಸಿದೆ. ಅರ್ಜಿಯ ಕೊನೆಯ ದಿನವೂ ಕಳೆದುಹೋಯಿತು.

ಈಗ ಪಡುವಣದಲ್ಲಿ ಮೋಡ ಕಟ್ಟಿದರೆ ನನಗೆ ಅನ್ನ ಸೇರುವುದಿಲ್ಲ. ಉಳಿಸುವುದು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ: ಜೀವ ಕಾಯುವುದು ಒಂದು, ಇದ್ದಲ್ಲೇ ಇರಿಸುವುದು ಇನ್ನೊಂದು. ಆ ತಾಯಿ ಮಗಳನ್ನು ಉಳಿಸಿದವನು ನಾನೇ, ಎರಡನೆಯ ಅರ್ಥದಲ್ಲಿ.